ಪಂಪಿನ ಸೀಲು ಒಡೆದವರ ಕಥೆ

ಕೊಡಚಾದ್ರಿಗೋ ಮಡಿಕೇರಿ ಕಡೆಯ ಮಾಂದಲ್‌ಪಟ್ಟಿಗೋ ವೀಕೆಂಡ್‌ನಲ್ಲಿ ಹೋಗಿ ಬಾಡಿಗೆ ಜೀಪಿನಲ್ಲಿ ಕೂತವರಿಗೆ ಒಂದು ಪ್ರಶ್ನೆ. ಸೊಂಟ ಉಳಿದರೆ ಸಾಕಪ್ಪಾ ಅನ್ನೋ ಚಿಂತೆಯ ನಡುವೆ ಆ ಜೀಪಿನ ಇಂಜಿನ್ ಬಗ್ಗೆ ಏನಾದ್ರೂ ಯೋಚಿಸಿದಿರಾ? ಎಷ್ಟೋ ಜೀಪುಗಳಿಗೆ ಇಪ್ಪತ್ತು ವರ್ಷ ದಾಟಿರುತ್ತೆ. ಬಾನೆಟ್ಟಿಗೆ ಒಂದು ಬಣ್ಣ, ಬಾಗಿಲಿಗೆ ಇನ್ನೊಂದು. ಆದರೂ ದಿನಕ್ಕೆ ನಾಲ್ಕು ಸಲ ಬೆಟ್ಟ ಹತ್ತಿ ಇಳಿಯುತ್ತವೆ. ಕೆಟ್ಟು ನಿಂತರೆ ಡ್ರೈವರೇ ಸೀಟಿನಡಿಯಿಂದ ಎರಡು ಸ್ಪ್ಯಾನರ್ ತೆಗೆದು ಅಲ್ಲೇ ಶುರು ಹಚ್ಚಿಕೊಳ್ತಾನೆ. ಅದೇ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿರೋ ಇಪ್ಪತ್ತು ಲಕ್ಷದ ಎಸ್‌ಯುವಿಯಲ್ಲಿ ಒಂದು ಹಳದಿ ದೀಪ ಹತ್ತಲಿ ನೋಡೋಣ. ಸರ್ವಿಸ್ ಸೆಂಟರಿಗೆ ಫೋನ್ ಮಾಡೋದು ಬಿಟ್ಟು ಬೇರೆ ದಾರಿ ಕಾಣಲ್ಲ.

ಈ ಎರಡು ಗಾಡಿಗಳ ನಡುವಿನ ಐವತ್ತು ವರ್ಷದಲ್ಲಿ ಏನಾಯ್ತು ಅಂತ ಹೇಳಬೇಕಾದ್ರೆ ಒಂದು ಸಣ್ಣ ಸ್ಕ್ರೂನಿಂದ ಶುರು ಮಾಡಬೇಕು.

ಹಳೇ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಒಂದು ಪಂಪ್ ಇರುತ್ತೆ. ಪ್ರತಿ ಸಿಲಿಂಡರಿಗೂ ಹನಿ ಲೆಕ್ಕದಲ್ಲಿ ಡೀಸೆಲ್ ಅಳೆದು, ಸರಿಯಾದ ಕ್ಷಣಕ್ಕೆ, ನೂರು ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ನಾಜಲ್‌ಗೆ ತಳ್ಳೋದು ಅದರ ಕೆಲಸ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಎಷ್ಟು ಡೀಸೆಲ್ ಹೋಗಬೇಕು ಅನ್ನೋದನ್ನ ಪಂಪಿನ ಮೇಲಿನ ಒಂದು ಸ್ಕ್ರೂ ತೀರ್ಮಾನಿಸುತ್ತೆ. ಕಾರ್ಖಾನೆಯವರು ಅದನ್ನು ಸೆಟ್ ಮಾಡಿ, ತೆಳ್ಳನೆ ತಂತಿ ಕಟ್ಟಿ, ಸೀಸದ ಸೀಲು ಒತ್ತಿ ಕಳಿಸ್ತಿದ್ದರು. ಮುಟ್ಟಬೇಡಿ ಅಂತ ಅರ್ಥ. ನಮ್ಮ ದೇಶದ ಹಳೇ ಜೀಪುಗಳಲ್ಲಿ ಆ ಸೀಲು ಇನ್ನೂ ಗಟ್ಟಿಯಾಗಿ ಉಳಿದಿರೋ ಪಂಪು ಹುಡುಕೋದು ಕಷ್ಟ.

ಯಾಕೆ ಒಡೀತಾರೆ? ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಹೆಚ್ಚುಕಮ್ಮಿ ಒಂದು ನಿಗದಿತ ಪ್ರಮಾಣದಲ್ಲಿ ಬೆರೆಯಬೇಕು, ಆದ್ದರಿಂದ ಆಕ್ಸಿಲರೇಟರ್ ತುಳಿದರೆ ಗಾಳಿಯ ಬಾಗಿಲು ತೆರೆಯುತ್ತೆ. ಡೀಸೆಲ್ ಹಾಗಲ್ಲ. ಅದು ಯಾವಾಗಲೂ ಹೊಟ್ಟೆ ತುಂಬ ಗಾಳಿ ಎಳ್ಕೊಂಡಿರುತ್ತೆ. ಆ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಹಿಂಡಿದಾಗ ಹುಟ್ಟೋ ಕಾವಿಗೇ ಡೀಸೆಲ್ ಹತ್ತಿಕೊಳ್ಳುತ್ತೆ, ಕಿಡಿ ಬೇಕಿಲ್ಲ. ಎಷ್ಟು ಡೀಸೆಲ್ ಹಾಕ್ತೀರೋ ಅಷ್ಟು ಶಕ್ತಿ. ಅಂದರೆ ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಗಾಡಿಗೆ ದಮ್ಮು ಬರುತ್ತೆ. ಗಾಳಿ ಸಾಲದಾದಾಗ ಉರಿಯದೆ ಉಳಿದ ಕಾರ್ಬನ್ ಕಪ್ಪು ಹೊಗೆಯಾಗಿ ಹಿಂದಿನಿಂದ ಹೋಗುತ್ತೆ. ಶಕ್ತಿ ಸಿಗೋದು ಮುಂದೆ ಕೂತವನಿಗೆ, ಹೊಗೆ ಹಿಂದೆ ಬರೋ ಸ್ಕೂಟರಿನವನಿಗೆ. ಈ ಲೆಕ್ಕಾಚಾರ ಇವತ್ತಿಗೂ ಬದಲಾಗಿಲ್ಲ.

ರುಡಾಲ್ಫ್ ಡೀಸೆಲ್ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ತನ್ನ ಇಂಜಿನ್ ಓಡಿಸಿ ತೋರಿಸಿದ್ದು 1897ರಲ್ಲಿ. ಆದರೆ ಆ ಇಂಜಿನ್ನಿಗೆ ಇಂಧನ ಊದೋಕೆ ದೊಡ್ಡದೊಂದು ಕಂಪ್ರೆಸರ್ ಬೇಕಿತ್ತು, ಹಡಗಿಗೋ ಕಾರ್ಖಾನೆಗೋ ಸರಿ, ರಸ್ತೆ ಗಾಡಿಗೆ ಆಗಿಬರ್ತಿರಲಿಲ್ಲ. 1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಕೈಯಲ್ಲಿ ಎತ್ತಬಹುದಾದ ಇಂಜೆಕ್ಷನ್ ಪಂಪನ್ನು ಸಾಲಾಗಿ ತಯಾರಿಸೋಕೆ ಶುರು ಮಾಡಿದ ಮೇಲೇ ಡೀಸೆಲ್ ಲಾರಿ, ಡೀಸೆಲ್ ಕಾರು ಅನ್ನೋದೆಲ್ಲ ಸಾಧ್ಯವಾಗಿದ್ದು. ಆ ಪಂಪು ಬೆಂಗಳೂರಿಗೂ ಬಂತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿತು. ಮೈಕೋ ಲೇಔಟಿನಲ್ಲಿ ಬಾಡಿಗೆಗಿದ್ದು ಕೋಡ್ ಬರೆಯೋ ಎಷ್ಟು ಜನಕ್ಕೆ ಆ ಹೆಸರು ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪಿನಿಂದ ಬಂದದ್ದು ಅಂತ ಗೊತ್ತೋ! ದೇಶದ ಅದೆಷ್ಟೋ ಟ್ರ್ಯಾಕ್ಟರ್, ಲಾರಿ, ಜೀಪುಗಳ ಪಂಪಿನ ಮೇಲೆ ಮೈಕೋ ಮುದ್ರೆ ಇತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಅಂತಾಯ್ತು. ಹಳೇ ಮೆಕ್ಯಾನಿಕ್‌ಗಳು ಈಗಲೂ ಮೈಕೋ ಪಂಪು ಅಂತಲೇ ಅನ್ನೋದು.

ಇನ್ನು ಜೀಪು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲಿಸ್ ಜೀಪನ್ನು ತರಿಸಿ ಇಲ್ಲಿ ಜೋಡಿಸತೊಡಗಿತು. ಕಾಫಿ ತೋಟ, ಅರಣ್ಯ ಇಲಾಖೆ, ಪೊಲೀಸು, ಬಿಡಿಒ ಸಾಹೇಬರು, ಎಲ್ಲರಿಗೂ ಅದೇ. ಆದರೆ ಅದು 2.2 ಲೀಟರಿನ ಪೆಟ್ರೋಲ್ ಇಂಜಿನ್. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲ್ ಜೀಪು ಸಾಕೋದು ಬಿಳಿ ಆನೆ ಸಾಕಿದ ಹಾಗಾಯ್ತು.

ಆಗ ಮಹೀಂದ್ರ ಮಾಡಿದ್ದು ನನಗೆ ಈ ಇಡೀ ಚರಿತ್ರೆಯಲ್ಲೇ ಇಷ್ಟವಾದ ಸಂಗತಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ 1963ರಿಂದಲೇ ಆ ಗುಂಪು ಟ್ರ್ಯಾಕ್ಟರ್ ಮಾಡ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಆ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನೇ ತಂದು ತನ್ನ ಜೀಪಿನ ಸಾಲಿನ ಗಾಡಿಗಳಿಗೆ ಕೂರಿಸಿತು. ಇವತ್ತು ನಾವು ಇಂಜಿನ್ ಸ್ವಾಪ್ ಅಂತ ಸ್ಟೈಲಾಗಿ ಕರೆಯೋದನ್ನ ಕಂಪನಿಯೇ ಮಾಡಿತ್ತು! ಆ ಟ್ರ್ಯಾಕ್ಟರ್ ಸಂಬಂಧ ಬಹಳ ಕಾಲ ಬಿಟ್ಟುಹೋಗಲಿಲ್ಲ. ಬೊಲೆರೋದ 2523 ಸಿಸಿ ಇಂಜಿನ್ನಿನ ಅಳತೆ ನೋಡಿ: ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಇದೇನು ವಿಚಿತ್ರ ಅಂಕಿ ಅನ್ನಿಸುತ್ತೆ. ಇಂಚಿಗೆ ಬದಲಾಯಿಸಿ, ಮೂರೂವರೆ ಮತ್ತು ನಾಲ್ಕು.

1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಅನ್ನೋ ಇಂಜಿನ್ನಿನ ಲೈಸೆನ್ಸ್ ಬಂತು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, ಹಾಗಾಗಿ 4.90. ಒಟ್ಟು 2112 ಸಿಸಿ. ಸುಮೋದಲ್ಲಿ ಬಂದ ಟಾಟಾದ 483 ಇಂಜಿನ್ನಿನ ಹೆಸರೂ ಹೀಗೆಯೇ, ನಾಲ್ಕು ಸಿಲಿಂಡರ್, 83ರ ಬೋರ್. ಹೆಸರು ಕೇಳಿದರೆ ಯಾವ ಪಿಸ್ಟನ್ ತರಬೇಕು ಅಂತ ಗೊತ್ತಾಗ್ತಿದ್ದ ಕಾಲ ಅದು. ಈಗಿನ ಇಂಜಿನ್ ಹೆಸರುಗಳನ್ನು ಮಾರ್ಕೆಟಿಂಗ್‌ನವರು ಇಡ್ತಾರೆ, ಬಿಡಿ.

ಕಂಪನಿ ಮಾಡಿದ್ದನ್ನೇ ಜನರೂ ಮಾಡಿದರು. ಮಲೆನಾಡಿನಿಂದ ಪಂಜಾಬಿನವರೆಗೆ ಹಳೇ ಪೆಟ್ರೋಲ್ ಜೀಪಿನ ಇಂಜಿನ್ ಇಳಿಸಿ ಡೀಸೆಲ್ ಏರಿಸೋದು ಒಂದು ಕಸುಬೇ ಆಯ್ತು. ಹರಿಯಾಣ–ಪಂಜಾಬ್ ಗಡಿಯ ಮಂಡಿ ಡಬ್‌ವಾಲಿ ಅನ್ನೋ ಊರು ಇವತ್ತಿಗೂ ಜೀಪು ಕಟ್ಟೋದಕ್ಕೇ ಹೆಸರುವಾಸಿ. ಜೀಪಿನದ್ದೇ ಡೀಸೆಲ್ ಇಂಜಿನ್ ಸಿಗದಿದ್ದರೆ ಮಟಾಡರ್‌ದು ಹಾಕ್ತಿದ್ದರು. ಅದು ಬಜಾಜ್ ಟೆಂಪೋ ಕಂಪನಿ ಜರ್ಮನಿಯ ಮರ್ಸಿಡಿಸ್‌ನಿಂದ ಲೈಸೆನ್ಸ್ ಪಡೆದು ಮಾಡಿದ ಗಟ್ಟಿ ಇಂಜಿನ್. ಬೆಂಗಳೂರಿನಲ್ಲಾದರೆ ಹೊಸ ಪಾರ್ಟಿಗೆ ಜೆ.ಸಿ. ರೋಡು, ಹಳೇದಕ್ಕೆ ಶಿವಾಜಿನಗರದ ಗುಜರಿ. ಆರ್‌ಟಿಒದಲ್ಲಿ ಆರ್‌ಸಿ ಪುಸ್ತಕದ ಪೆಟ್ರೋಲ್ ಅನ್ನೋ ಜಾಗದಲ್ಲಿ ಡೀಸೆಲ್ ಅಂತ ಬರೆಸಿಕೊಂಡರೆ ಮುಗೀತು.

ಮನೆಯಂಗಳದಲ್ಲಿ ಇಂಜಿನ್ ಬಿಚ್ಚೋದು ಹವ್ಯಾಸವಾಗಿರಲಿಲ್ಲ ಅನ್ನೋದನ್ನ ನಾವು ಮರೀತೀವಿ. ಅದು ಅನಿವಾರ್ಯ. ತೋಟದಿಂದ ಪೇಟೆಗೆ ನಲವತ್ತು ಕಿಲೋಮೀಟರ್, ಮಳೆಗಾಲ, ಇರೋದು ಒಂದೇ ಗಾಡಿ. ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಇಂಜಿನ್ ಎಷ್ಟು ಕ್ರ್ಯಾಂಕ್ ಮಾಡಿದರೂ ಏಳಲ್ಲ. ಏರ್ ತೆಗೆಯೋದು ಅಂತಾರೆ ಇದಕ್ಕೆ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೆ. ಆಮೇಲೆ ನಾಜಲ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿ ಸ್ಟಾರ್ಟ್ ಹೊಡೆಯಬೇಕು. ಜೀಪಿದ್ದ ಮನೆಯ ಹತ್ತನೇ ಕ್ಲಾಸಿನ ಹುಡುಗರಿಗೂ ಬರ್ತಿದ್ದ ವಿದ್ಯೆ ಇದು. ಟ್ಯಾಪೆಟ್ ಸೆಟ್ಟಿಂಗಿಗೆ ಒಂದು ಫೀಲರ್ ಗೇಜ್ ಸಾಕು. ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸೋದನ್ನೂ ಊರಿನ ಮೆಕ್ಯಾನಿಕ್ ಮನೆಗೇ ಬಂದು, ಮಧ್ಯಾಹ್ನ ಊಟ ಮಾಡಿ, ಸಂಜೆಯೊಳಗೆ ಮುಗಿಸ್ತಿದ್ದ. ಪೇಟೆಗೆ ಹೋಗಲೇಬೇಕಾದ ಕೆಲಸ ಎರಡೇ, ಬೋರ್ ಹೊಡೆಸೋಕೆ ಲೇತ್ ಅಂಗಡಿಗೆ, ಪಂಪು-ನಾಜಲ್ ಕ್ಯಾಲಿಬ್ರೇಷನ್ನಿಗೆ ಟೆಸ್ಟ್ ಬೆಂಚ್ ಇರೋ ಕಡೆಗೆ. ಆ ಬೆಂಚಿನವನು ಸ್ಕ್ರೂ ಸರಿಯಾದ ಅಳತೆಗೆ ತಂದು ಹೊಸ ಸೀಲು ಒತ್ತಿ ಕೊಡ್ತಿದ್ದ. ಘಾಟಿ ಹತ್ತೋವಾಗ ಗಾಡಿ ಯಾಕೋ ಎಳೀತಿಲ್ಲ ಅನ್ನಿಸಿದ ದಿನ ಅದೂ ಒಡೆಯುತ್ತಿತ್ತು.

ತೊಂಬತ್ತರ ದಶಕ ಮತ್ತು ಆಮೇಲಿನ ಕಥೆ ನಿಮಗೇ ಗೊತ್ತು. 1991ರಲ್ಲಿ ಸಿಯೆರಾ, 1994ರಲ್ಲಿ ಸುಮೋ, 1998ರಲ್ಲಿ ಸಫಾರಿ. 2000ದಲ್ಲಿ ಬಿಡದಿಯಿಂದ ಕ್ವಾಲಿಸ್. 2002ರಲ್ಲಿ ಸ್ಕಾರ್ಪಿಯೊ. ಜೀಪು ಅನ್ನೋ ಮಾತು ಹೋಗಿ ಎಸ್‌ಯುವಿ ಬಂತು. ಟರ್ಬೊ ಬಂದು ಗಾಳಿಯನ್ನೇ ಒತ್ತಿ ತುಂಬಿದ್ದರಿಂದ ಇನ್ನಷ್ಟು ಡೀಸೆಲ್ ಉರಿಸೋಕೆ ಜಾಗವಾಯ್ತು. ಸ್ಕ್ರೂ ಮಾತ್ರ ಇನ್ನೂ ಅಲ್ಲೇ ಇತ್ತು.

ಅದನ್ನು ಅಳಿಸಿದ್ದು ಕಾಮನ್ ರೈಲ್. ಇಟಲಿಯ ಫಿಯಟ್ ಬಳಗದಲ್ಲಿ ಬೆಳೆದು, ಬಾಷ್ ಕೈಗೆ ಹೋಗಿ, 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಮೊದಲು ಮಾರುಕಟ್ಟೆಗೆ ಬಂದ ತಂತ್ರ ಇದು. ಇದರಲ್ಲಿ ಪಂಪಿಗೆ ಅಳೆಯೋ ಕೆಲಸವೇ ಇಲ್ಲ. ಒಂದು ದಪ್ಪ ಪೈಪಿನಲ್ಲಿ, ಅದೇ ರೈಲ್, ಭಾರೀ ಒತ್ತಡದಲ್ಲಿ ಡೀಸೆಲ್ ತುಂಬಿಟ್ಟರೆ ಸಾಕು. ಶುರುವಿನಲ್ಲಿ 1350 ಬಾರ್ ಇದ್ದದ್ದು ಈಗ 2000 ದಾಟಿದೆ. ಯಾವ ಇಂಜೆಕ್ಟರ್ ಯಾವಾಗ ಎಷ್ಟು ಹೊತ್ತು ತೆರೆಯಬೇಕು ಅಂತ ಹೇಳೋದು ಇಸಿಯು ಅನ್ನೋ ಕಂಪ್ಯೂಟರ್. ಒಂದೇ ಸುತ್ತಿನಲ್ಲಿ ಹಲವು ಸಲ ಸಣ್ಣ ಸಣ್ಣದಾಗಿ ಸಿಂಪಡಿಸಬಹುದು. ಹಾಗಾಗಿಯೇ ನಿಮ್ಮ ಡೀಸೆಲ್ ಗಾಡಿ ಹಳೇ ಜೀಪಿನ ಹಾಗೆ ಗಡಗಡ ಅನ್ನಲ್ಲ, ಕಮ್ಮಿ ಕುಡಿಯುತ್ತೆ, ಹೊಗೆಯೂ ಕಮ್ಮಿ. ತಾಂತ್ರಿಕವಾಗಿ ಇದು ಅದ್ಭುತ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ರಿಪೇರಿಯ ಕೀಲಿ ಕೈತಪ್ಪಿತು. ಪ್ರತಿ ಇಂಜೆಕ್ಟರಿನ ತಲೆ ಮೇಲೂ ಒಂದು ಕೋಡ್ ಕೆತ್ತಿರುತ್ತೆ. ತಯಾರಾಗುವಾಗ ಆ ಇಂಜೆಕ್ಟರ್ ಸರಾಸರಿಗಿಂತ ಎಷ್ಟು ಹೆಚ್ಚು-ಕಮ್ಮಿ ಸಿಂಪಡಿಸುತ್ತೆ ಅಂತ ಅಳೆದು ಬರೆದ ಲೆಕ್ಕ ಅದು. ಹೊಸದು ಹಾಕಿದರೆ ಆ ಕೋಡನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ತಿಳಿಸಬೇಕು, ಇಲ್ಲದಿದ್ದರೆ ಇಂಜಿನ್ ಒರಟಾಗಿ ಓಡುತ್ತೆ. ಸ್ಪ್ಯಾನರ್ ಒಂದೇ ಇಟ್ಕೊಂಡವನು ಅರ್ಧ ದಾರಿಯಲ್ಲಿ ನಿಂತ. ಇನ್ನೊಂದು ಎಚ್ಚರಿಕೆ: ಯೂಟ್ಯೂಬ್ ನೋಡಿ ಹಳೇ ಜೀಪಿನ ಹಾಗೆ ಕಾಮನ್ ರೈಲ್ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಾಣುತ್ತೆ, ಒಳಗೆ ಕೈ ಕೊಳೆಯೋಕೆ ಶುರುವಾಗಿರುತ್ತೆ.

ಸ್ಕ್ರೂ ಹೋಯ್ತು, ಸ್ಕ್ರೂ ತಿರುಗಿಸೋ ಆಸೆ ಹೋಗಲಿಲ್ಲ. ಸೀಸದ ಸೀಲಿನ ಜಾಗಕ್ಕೆ ಸಾಫ್ಟ್‌ವೇರ್ ಬೀಗ ಬಂದದ್ದಕ್ಕೆ ಸರಿಯಾಗಿ, ಅದನ್ನು ಒಡೆಯೋ ಲ್ಯಾಪ್‌ಟಾಪ್ ಹುಡುಗರೂ ಬಂದರು. ರೀಮ್ಯಾಪ್, ಟ್ಯೂನಿಂಗ್ ಬಾಕ್ಸ್, ಸ್ಟೇಜ್ 1, ಸ್ಟೇಜ್ 2. ಭಾನುವಾರ ಬೆಳಿಗ್ಗೆ ಮನೆ ಮುಂದೆ ಬಂದು, ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ವೈರ್ ಚುಚ್ಚಿ, ಕಾಫಿ ಮುಗಿಯೋದ್ರೊಳಗೆ ಗಾಡಿಗೆ ಇಪ್ಪತ್ತು ಮೂವತ್ತು ಕುದುರೆ ಸೇರಿಸಿ ಹೋಗ್ತಾರೆ. ಕಾಲು ಸುತ್ತು ಸ್ಕ್ರೂನ ಮೊಮ್ಮಗ ಇದು, ಅಷ್ಟೆ.

ಕಾಲವೂ ಕೂಡಿಬಂತು. 2010ರಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಸರ್ಕಾರ ಡೀಸೆಲ್ ಬೆಲೆಯನ್ನು 2014ರವರೆಗೂ ಹಿಡಿದಿಟ್ಟಿತ್ತು. 2012ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು, ಡೀಸೆಲ್ 41 ರೂಪಾಯಿ. ರೈತನ ಪಂಪ್‌ಸೆಟ್ಟು, ಲಾರಿಗೆ ಅಂತ ಕೊಟ್ಟ ಅಗ್ಗದ ಡೀಸೆಲ್ಲಿನಲ್ಲಿ ನಗರದ ಮಧ್ಯಮವರ್ಗ ಎಸ್‌ಯುವಿ ಓಡಿಸಿತು. ಅದೇ ವರ್ಷ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಅಂತ ಮೊದಲ ಗುಂಪಿಗೆ ಸೇರಿಸಿತು. ಎರಡು ಸುದ್ದಿಯನ್ನೂ ಅಕ್ಕಪಕ್ಕ ಇಟ್ಟು ಓದಿದವರು ಕಮ್ಮಿ.

2015ರಲ್ಲಿ ನಡೆದದ್ದು ಮಾತ್ರ ತಮಾಷೆ ಅನ್ನಬೇಕೋ ದುರಂತ ಅನ್ನಬೇಕೋ ಗೊತ್ತಿಲ್ಲ. ಗಾಡಿಯೊಳಗಿನ ಸಾಫ್ಟ್‌ವೇರ್ ಯಾರದ್ದು ಅನ್ನೋ ಪ್ರಶ್ನೆ ಆಗ ಅಮೆರಿಕದಲ್ಲಿ ಎದ್ದಿತ್ತು. ತನ್ನ ಗಾಡಿಯ ಇಸಿಯುವನ್ನು ಮಾಲೀಕ ತಾನೇ ತೆರೆದು ನೋಡೋದು ಕಾಪಿರೈಟ್ ಉಲ್ಲಂಘನೆಯೋ ಅಲ್ಲವೋ? ಜನರಲ್ ಮೋಟಾರ್ಸ್‌ನಂಥ ಕಾರು ಕಂಪನಿಗಳು, ಟ್ರ್ಯಾಕ್ಟರಿನ ಜಾನ್ ಡಿಯರ್, ಎಲ್ಲರೂ ತೆರೆಯೋಕೆ ಬಿಡಬೇಡಿ ಅಂದರು. ಜುಲೈನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಪತ್ರ ಬರೆದು ಅದನ್ನೇ ಹೇಳಿತು. ಕಾರಣ? ಬೀಗ ತೆಗೆದರೆ ಜನ ಹೊಗೆ ನಿಯಂತ್ರಣವನ್ನೇ ಕೆಡಿಸ್ತಾರೆ. ಕಾರಣ ಸುಳ್ಳಲ್ಲ, ಕೆಡಿಸೋರು ಇದ್ದೇ ಇದ್ದರು. ಎರಡು ತಿಂಗಳು ಕಳೆದು, ಸೆಪ್ಟೆಂಬರ್ 18ಕ್ಕೆ ಅದೇ ಇಪಿಎ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಗಾಡಿ ಟೆಸ್ಟಿನಲ್ಲಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಕಮ್ಮಿ ಮಾಡಿ, ರಸ್ತೆಗಿಳಿದಾಗ ಬಿಟ್ಟುಬಿಡೋ ಕೋಡನ್ನು ಕಂಪನಿಯೇ ಇಸಿಯುನಲ್ಲಿ ಬರೆದಿಟ್ಟಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿ. ನಮ್ಮ ದೇಶದಲ್ಲೂ 3.23 ಲಕ್ಷ ಗಾಡಿಗಳನ್ನು ವಾಪಸ್ ಕರೆಸಬೇಕಾಯ್ತು. ಜಾಡು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರಿನ ಹಿಂದೆ ಅಳತೆ ಯಂತ್ರ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿದ್ದರಿಂದ. ಸಾಫ್ಟ್‌ವೇರಿನ ಒಳಗೆ ಇಣುಕೋಕೆ ಹೊರಗಿನವರಿಗೆ ದಾರಿಯೇ ಇರಲಿಲ್ಲವಲ್ಲ. ಬೀಗದ ಹಿಂದೆ ಅಡಗಿದ್ದು ಬೀಗ ಹಾಕಿದವರ ಕಳ್ಳತನ. ಅಕ್ಟೋಬರಿನಲ್ಲಿ ಅಮೆರಿಕ ತನ್ನ ಗಾಡಿ ಮಾಲೀಕರಿಗೆ ರಿಪೇರಿಗಾಗಿ ಆ ಬೀಗ ತೆಗೆಯೋ ವಿನಾಯ್ತಿ ಕೊಟ್ಟಿತು.

ಅದೇ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಎಸ್‌ಯುವಿ ನೋಂದಣಿ ನಿಲ್ಲಿಸಿತು. ಮಹೀಂದ್ರ ಏನು ಮಾಡಿತು ಹೇಳಿ? ಒಂದು ತಿಂಗಳಲ್ಲಿ ತನ್ನ 2.2 ಲೀಟರ್ ಇಂಜಿನ್ನನ್ನು 1.99ಕ್ಕೆ ಇಳಿಸಿ ಮಾರುಕಟ್ಟೆಗೆ ತಂದಿತು. ಕಂಪನಿ ಮಾಡಿದರೆ ಎಂಜಿನಿಯರಿಂಗ್, ನಾವು ಮಾಡಿದರೆ ಆಲ್ಟರೇಷನ್. 2016ರ ಆಗಸ್ಟಿನಲ್ಲಿ ಶೇಕಡಾ 1ರಷ್ಟು ಸೆಸ್ ಹಾಕಿ ಕೋರ್ಟು ಆ ನಿಷೇಧ ತೆಗೆಯಿತು.

ನಾವು ಮಾಡೋದಕ್ಕೆ ಕಾನೂನಿನ ಸೀಲು ಬಿದ್ದದ್ದು 2019ರ ಜನವರಿಯಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತು. ಇಂಜಿನ್ ಹಾಳಾದರೆ ಅದೇ ತಯಾರಿಕೆಯದ್ದನ್ನು, ಆರ್‌ಟಿಒ ಒಪ್ಪಿಗೆ ಪಡೆದು ಹಾಕಿಸಬಹುದು. ಮಟಾಡರ್ ಇಂಜಿನ್ನಿನ ಜೀಪಿನ ಕಾಲ ಕಾಗದದ ಮೇಲೆ ಅಲ್ಲಿಗೆ ಮುಗೀತು. ಮರುವರ್ಷ ಏಪ್ರಿಲ್ 1ರಿಂದ ಬಿಎಸ್-6. ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿಯಿತು, ಬಿಎಸ್-4ರಲ್ಲಿ ಅದು 50 ಇತ್ತು. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಮಸಿ ಜರಡಿ ಬಂತು. ಬೇಸ್‌ಮೆಂಟಿನ ಆ ಹಳದಿ ದೀಪ ಬಹಳ ಸಲ ಇದರದ್ದೇ. ಜರಡಿಯಲ್ಲಿ ಸೇರಿದ ಮಸಿ ಸುಟ್ಟುಹೋಗಬೇಕಾದರೆ ಅದು ಸುಮಾರು 600 ಡಿಗ್ರಿ ಕಾಯಬೇಕು, ಸಿಲ್ಕ್‌ಬೋರ್ಡಿನಲ್ಲಿ ಗಂಟೆಗೆ ಏಳು ಕಿಲೋಮೀಟರ್ ತೆವಳೋ ಗಾಡಿಯಲ್ಲಿ ಅದೆಲ್ಲಿಂದ ಆಗಬೇಕು? ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಹೆಚ್ಚಿನ ಸಲ ದೀಪ ತಾನೇ ಆರುತ್ತೆ. ಆದರೆ ಜರಡಿಯನ್ನೇ ಕಿತ್ತು, ಅದು ಇಲ್ಲ ಅನ್ನೋದನ್ನ ಇಸಿಯುಗೆ ಮರೆಸಿ ಕೊಡ್ತೀವಿ ಅನ್ನೋ ಅಂಗಡಿಗಳೂ ಇವೆ.

ನನ್ನ ಮಟ್ಟಿಗೆ ಗೆರೆ ಇಲ್ಲಿ. ಇಂಜೆಕ್ಟರ್ ಕೋಡು ಬರೆಯೋಕೆ, ಫಾಲ್ಟ್ ಓದೋಕೆ, ಡಿಪಿಎಫ್ ಸುಡೋ ಕ್ರಮ ಶುರು ಮಾಡೋಕೆ ಬೇಕಾದ ಸಾಫ್ಟ್‌ವೇರ್ ಶಿವಾಜಿನಗರದ ಮೆಕ್ಯಾನಿಕ್‌ಗೂ ನನಗೂ ನ್ಯಾಯವಾದ ಬೆಲೆಗೆ ಸಿಗಬೇಕು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ, ಕಾಯ್ದೆಯ ಬಲ ಅದಕ್ಕೆ ಬರಬೇಕು. ಡಿಪಿಎಫ್ ಕೀಳೋದು ಮಾತ್ರ ರಿಪೇರಿ ಅಲ್ಲ. ತೋಟದ ಜೀಪಿನವನು ಸ್ಕ್ರೂ ತಿರುಗಿಸಿದ್ದು ಹೊರೆ ಹೊತ್ತ ಗಾಡಿ ಘಾಟಿ ಹತ್ತಲಿ ಅಂತ, ಹೊಗೆ ನುಂಗಿದ್ದು ಬಹುಪಾಲು ಅವನೇ. ಹೊರ ವರ್ತುಲ ರಸ್ತೆಯಲ್ಲಿ 0–100 ಕಡಿಮೆ ಮಾಡೋಕೆ ಕಕ್ಕೋ ಮಸಿಯನ್ನು ಬಸ್‌ಸ್ಟಾಪಿನಲ್ಲಿ ನಿಂತ ಶಾಲೆ ಮಕ್ಕಳು ನುಂಗ್ತಾರೆ.

ಆಡುಗೋಡಿಯಲ್ಲಿ ಈಗ ಪಂಪಿನ ಲೇತುಗಳಿಲ್ಲ. ಬಾಷ್ 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆದು ತಯಾರಿಕೆಯನ್ನು ಅಲ್ಲಿಗೆ ಒಯ್ದಿತು. ಹಳೇ ಜಾಗ 2022ರಲ್ಲಿ ಸ್ಮಾರ್ಟ್ ಕ್ಯಾಂಪಸ್ ಆಯ್ತು, ಸೀಲು ಒತ್ತುತ್ತಿದ್ದ ಕಡೆ ಕೋಡ್ ಬರೀತಾರೆ.

ಇನ್ನೂ ಕೈಯಲ್ಲಿ ಮುಟ್ಟಿ ಏನಾದ್ರೂ ಮಾಡಲೇಬೇಕು ಅನ್ನೋರಿಗೆ ಒಂದು ಕೆಲಸ ಉಳಿದಿದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಡೀಸೆಲ್ ಫಿಲ್ಟರ್ ಎಲ್ಲಿದೆ ಅಂತ ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದರ ತಳದಲ್ಲಿ ನೀರು ಬಸಿಯೋಕೆ ಒಂದು ತಿರುಪು ಇರುತ್ತೆ. ಇಂಜಿನ್ ತಣ್ಣಗಾದ ಮೇಲೆ ಕೆಳಗೆ ಒಂದು ಹಳೇ ಡಬ್ಬ ಹಿಡಿದು ನಿಧಾನಕ್ಕೆ ತಿರುಗಿಸಿ. ಮೊದಲು ನೀರು ಬರುತ್ತೆ, ಆಮೇಲೆ ಡೀಸೆಲ್. ಡೀಸೆಲ್ ಬಂದ ಕೂಡಲೇ ಮುಚ್ಚಿ. ಮಳೆಗಾಲ ಮುಗಿದಾಗ ಒಮ್ಮೆ ಮಾಡಿದರೆ ಇಂಜೆಕ್ಟರಿನ ಆಯಸ್ಸು ಹೆಚ್ಚುತ್ತೆ, ಇದಕ್ಕೆ ಸ್ಕ್ಯಾನರ್ ಬೇಡ.